ನೀರಿಗೆ ತಕ್ಕ ಮೀನು, ಮೀನಿಗೆ ತಕ್ಕ ಪೈರು

ಮೀನು ಸಾಕಿದ ನೀರು ಗಿಡಕ್ಕೆ ಗೊಬ್ಬರ. ಗಿಡ ಸಾರ ಹೀರಿದ ಮೇಲೆ ಅದೇ ನೀರು ಮೀನಿಗೆ ಮತ್ತೆ ಮನೆ. 'ಅಕ್ವಾಪೋನಿಕ್ಸ್' ಎಂದು ಕರೆಯಲಾಗುವ ಬೇಸಾಯದ ತಿರುಳು ಇಷ್ಟೇ. ಮಣ್ಣಿಲ್ಲದೆ, ಇದ್ದ ನೀರನ್ನೇ ತಿರುತಿರುಗಿ ಬಳಸಿ ಸೊಪ್ಪು, ಮೀನು ಎರಡನ್ನೂ ಬೆಳೆಯಬಹುದೆಂದರೆ ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರಿನಲ್ಲಿ ಮಳೆಯನ್ನೇ ನಂಬಿದ ರೈತನ ಕಿವಿ ನೆಟ್ಟಗಾಗುವುದು ಸಹಜ.

ಆದರೆ ಈ ಪದ್ಧತಿಯ ದೊಡ್ಡ ಶತ್ರು ಚಳಿ. ಮಾರ್ಟಳ್ಳಿಯ ಬಿಸಿಲಿಗೆ ಅದು ದೂರದ ಮಾತಾಗಿ ಕಾಣಬಹುದು. ಆದರೂ ತಣ್ಣೀರಿನಲ್ಲಿ ಮೀನು ಸಾಕುವ ಪಾಠವನ್ನು ದಕ್ಷಿಣ ಭಾರತ ಕಲಿತದ್ದು, ಒಂದು ಕಾಲಕ್ಕೆ ಕೊಳ್ಳೇಗಾಲ ಸೀಮೆಯೊಡನೆ ಒಂದೇ ಜಿಲ್ಲಾಡಳಿತಕ್ಕೆ ಸೇರಿದ್ದ ನೀಲಗಿರಿಯಲ್ಲಿ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ನೀಲಗಿರಿಯೂ 1868ರಲ್ಲಿ ಬೇರೆಯಾಗುವವರೆಗೆ ಅದೇ ಜಿಲ್ಲೆಯಲ್ಲಿತ್ತು.

ಚಳಿ ಕೆಡುಕು ಮಾಡುವ ಬಗೆ ಸ್ವಾರಸ್ಯಕರವಾದುದು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಗಿಡಕ್ಕೆ ಬೇಕಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೀರು 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ತಣ್ಣಗಾದರೆ ಈ ಕೆಲಸ ಬಹಳ ನಿಧಾನವಾಗುತ್ತದೆ. ನಮ್ಮ ಸಂತೆಗಳಲ್ಲಿ ಜಿಲೇಬಿ ಎಂದೇ ಹೆಸರಾದ ತಿಲಾಪಿಯಾ ಮೀನಿಗೆ 25ರಿಂದ 30 ಡಿಗ್ರಿಯ ನೀರು ಹಿತ. ಅದಕ್ಕಿಂತ ತೀರ ತಣ್ಣಗಾದರೆ ಅದು ಮೇವು ಬಿಡುತ್ತದೆ. ಇನ್ನೂ ತಣ್ಣಗಾದರೆ ಸಾಯುತ್ತದೆ.

ಹಾಗಾದರೆ ತಣ್ಣೀರಿಗೆ ತಕ್ಕ ಮೀನು ಯಾವುದು? ಈ ಪ್ರಶ್ನೆ ನೀಲಗಿರಿಯ ಬ್ರಿಟಿಷ್ ಅಧಿಕಾರಿಗಳನ್ನು ಕಾಡಿತ್ತು. ಅವರಿಗೆ ಬೇಕಿದ್ದುದು ಬೇಸಾಯವಲ್ಲ, ಗಾಳ ಹಾಕುವ ಮೋಜು. ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ, ಮುಂದೆ ಭಾರತದ ಮೀನುಗಳ ಕುರಿತ ದೊಡ್ಡ ಗ್ರಂಥ ಬರೆದು ಹೆಸರಾದ ಫ್ರಾನ್ಸಿಸ್ ಡೇ 1863ರಲ್ಲಿ ಇಂಗ್ಲೆಂಡಿನ ಟ್ರೌಟ್ ಮೀನನ್ನು ಇಲ್ಲಿಗೆ ತರಲು ಯತ್ನಿಸಿ ಸೋತರು. ಆಮೇಲಿನ ಯತ್ನಗಳಲ್ಲಿ ಟೆಂಚ್, ಕಾರ್ಪ್ ಜಾತಿಯ ಮೀನುಗಳು ನೆಲೆಯೂರಿದವೇ ಹೊರತು ಟ್ರೌಟ್ ದಕ್ಕಲಿಲ್ಲ.

ಕೊಳ್ಳೇಗಾಲವೂ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಬರೆದ ಫ್ರೆಡರಿಕ್ ನಿಕಲ್ಸನ್ ಅವರೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆಗೆ ಬುನಾದಿ ಹಾಕಿದರು. ಆ ದಶಕದಲ್ಲೇ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ 1907ರಲ್ಲಿ ಮೊಟ್ಟೆ ಮರಿ ಮಾಡಿಸುವ ಕೇಂದ್ರ ತೆರೆದರು. ಕಂದು ಟ್ರೌಟ್ ಇಲ್ಲಿ ನಿಲ್ಲಲಿಲ್ಲ. 1909-10ರ ಹೊತ್ತಿಗೆ ತಂದ ಕಾಮನಬಿಲ್ಲು ಟ್ರೌಟ್ ಮಾತ್ರ ಒಗ್ಗಿಕೊಂಡು ಸಂತಾನ ಬೆಳೆಸಿತು. ಡೇ ಅವರ ಮೊದಲ ಯತ್ನಕ್ಕೂ ಈ ಯಶಸ್ಸಿಗೂ ನಡುವೆ ಸುಮಾರು ನಾಲ್ವತ್ತೈದು ವರ್ಷ!

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಅಮೆರಿಕದ ಕೇಪ್ ಕಾಡ್‌ನಲ್ಲಿದ್ದ ನ್ಯೂ ಆಲ್ಕೆಮಿ ಸಂಸ್ಥೆಯವರು. 1969ರಲ್ಲಿ ಹುಟ್ಟಿದ ಈ ಸಂಸ್ಥೆ ಹಿಮ ಬೀಳುವ ನಾಡಿನಲ್ಲೇ ತಿಲಾಪಿಯಾ ಸಾಕಲು ಹೊರಟಿತು. ಬೆಳಕು ತೂರುವ ಫೈಬರ್ ಗ್ಲಾಸ್ ತೊಟ್ಟಿಗಳನ್ನು ಹಸಿರುಮನೆಯೊಳಗೆ ನಿಲ್ಲಿಸಿದರು. ಹಗಲು ಬಿಸಿಲುಂಡ ನೀರು ರಾತ್ರಿ ಶಾಖ ಬಿಟ್ಟು ಮನೆಯನ್ನು ಬೆಚ್ಚಗಿಡುತ್ತಿತ್ತು. ಮೀನಿನ ನೀರು ತರಕಾರಿಗೆ ಹೋಗುತ್ತಿತ್ತು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಕಟ್ಟಿದ ಇಂತಹುದೇ ಮನೆಯನ್ನು 1976ರಲ್ಲಿ ಅಲ್ಲಿನ ಪ್ರಧಾನಿ ಪಿಯರ್ ಟ್ರುಡೊ ಉದ್ಘಾಟಿಸಿದ್ದರು. ಆದರೆ ಆ ಮನೆಯ ಪ್ರಯೋಗ ಕೆಲವೇ ವರ್ಷ ನಡೆಯಿತು. 1991ರಲ್ಲಿ ಮೂಲ ಸಂಸ್ಥೆಯೂ ಮುಚ್ಚಿತು.

ನೀರನ್ನು ಮೀನಿಗೆ ಒಗ್ಗಿಸುವುದು ಒಂದು ದಾರಿ, ನೀರಿಗೆ ಒಗ್ಗುವ ಮೀನನ್ನು ಹುಡುಕುವುದು ಇನ್ನೊಂದು. ಮೊದಲನೆಯದಕ್ಕೆ ಹಸಿರುಮನೆ, ಶಾಖ, ಸದಾ ಕಾವಲು ಬೇಕು. ಎರಡನೆಯದಕ್ಕೆ ತಾಳ್ಮೆ ಸಾಕು. ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ. ಟ್ರೌಟ್‌ಗೆ ಅದೇ ಬೇಕು. ಅಂತಹ ಹವೆಯಲ್ಲಿ ಬರುವ ಪೈರೂ ಉಂಟು: ಬಡಗ ರೈತರು ನೀಲಗಿರಿಯ ಹೊಲಗಳಲ್ಲಿ ಬೆಳೆಯುವ ಕೋಸು ಒಂದು ಉದಾಹರಣೆ. ಪಾಲಕ್, ಲೆಟ್ಯೂಸ್ ಕೂಡ ತಂಪನ್ನು ತಡೆಯುತ್ತವೆ. ಬ್ಯಾಕ್ಟೀರಿಯಾ ನಿಧಾನವಾಗುವಷ್ಟು ಮೇವು ಕಡಿಮೆ ಮಾಡಿ, ಮೀನಿನ ಸಂಖ್ಯೆಯನ್ನೂ ಇಳಿಸಿದರೆ ವಿಷ ಶೇಖರವಾಗದು.

ಬಯಲಿಗೆ ಇಳಿದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಟ್ರೌಟ್ ಮಾರ್ಟಳ್ಳಿಯ ಬೇಸಿಗೆಯಲ್ಲಿ ಬದುಕದು, ಜಿಲೇಬಿ ನೀಲಗಿರಿಯ ಮಾಗಿಯಲ್ಲಿ ಬದುಕದು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಕಿಕ್ಕಿರಿದ ತೊಟ್ಟಿಯಲ್ಲಿ ವಿದ್ಯುತ್ ಕೈಕೊಟ್ಟು ಪಂಪು ನಿಂತರೆ ಒಂದೇ ರಾತ್ರಿಯಲ್ಲಿ ಮೀನು ತೇಲಬಹುದು. ಸಾಲ ಮಾಡಿ ತೊಟ್ಟಿ ಕಟ್ಟುವ ಮೊದಲು ಒಂದು ಉಷ್ಣಮಾಪಕ ಕೊಂಡು ನೀರಿನ ಬಿಸಿಯನ್ನು ವರ್ಷವಿಡೀ ಬರೆದಿಡುವ ರೈತನಿಗೆ ಆ ನಾಲ್ವತ್ತೈದು ವರ್ಷದ ಪಾಠ ಅಗ್ಗಕ್ಕೇ ದೊರೆತಂತೆ.