ಎಸಿಎಲ್ ಮರುರಚನೆ: ಶಸ್ತ್ರವಿಧಾನಗಳ ಇತಿಹಾಸ

ಮಂಡಿಯ ಒಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಎರಡು ಅಸ್ಥಿರಜ್ಜುಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಮುಂದಿನದು ಎಸಿಎಲ್. ಅದು ಹರಿದರೆ ಓಟದ ನಡುವೆ ಗಕ್ಕನೆ ತಿರುಗಿದಾಗ ಮಂಡಿ ಜಾರುತ್ತದೆ. ಹರಿದ ತುದಿಗಳು ತಾವಾಗಿ ಕೂಡುವುದು ಅಪರೂಪ. ಗಾಯ ಮಾಯಲು ಬೇಕಾದ ರಕ್ತದ ಗರಣೆ ಕೀಲಿನ ದ್ರವದಲ್ಲಿ ನಿಲ್ಲದು.

1895ರಲ್ಲಿ ಲೀಡ್ಸ್ ನಗರದ ಆರ್ಥರ್ ಮೇಯೋ ರಾಬ್ಸನ್ ಗಣಿ ಕಾರ್ಮಿಕನೊಬ್ಬನ ಎರಡೂ ರಜ್ಜುಗಳನ್ನು ಹೊಲಿದು, ಫಲ ಚೆನ್ನಾಗಿದೆಯೆಂದು 1903ರಲ್ಲಿ ಪ್ರಕಟಿಸಿದರು. ಬ್ರಿಸ್ಟಲ್‌ನ ಹೇ ಗ್ರೋವ್ಸ್ 1917ರಲ್ಲಿ ಬೇರೆಯೇ ದಾರಿ ಹಿಡಿದರು. ತೊಡೆಯ ಹೊರಮಗ್ಗುಲಿನ ತಂತುಪಟ್ಟಿಯಿಂದ ಒಂದು ಸೀಳನ್ನು ಬಿಡಿಸಿ, ಎರಡೂ ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಎಳೆದು ಬಿಗಿದರು. ಇಂದಿನ ಶಸ್ತ್ರಚಿಕಿತ್ಸೆಯ ಮೂಲತತ್ತ್ವ ಇಷ್ಟೇ. ಆದರೂ ಹೊಲಿಗೆಯ ಮೇಲಿನ ನಂಬಿಕೆ ದಶಕಗಳ ಕಾಲ ಅಳಿಯಲಿಲ್ಲ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಹೊಲಿಗೆ ಹಾಕಿಸಿಕೊಂಡವರನ್ನು ಐದು ವರ್ಷಗಳ ಬಳಿಕ ಪರೀಕ್ಷಿಸಿದ ಫೀಗಿನ್ ಮತ್ತು ಕರ್ಲ್, ಹೆಚ್ಚಿನವರ ಮಂಡಿ ಮತ್ತೆ ಸಡಿಲವಾಗಿದೆಯೆಂದು 1976ರಲ್ಲಿ ವರದಿ ಮಾಡಿದ ಮೇಲೆ ಕಸಿಯೇ ವಾಡಿಕೆಯಾಯಿತು.

ಕಸಿಗೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನಡುಭಾಗವನ್ನು ಬಳಸುವ ವಿಧಾನವನ್ನು ಕೆನ್ನೆತ್ ಜೋನ್ಸ್ 1963ರಲ್ಲಿ ವಿವರಿಸಿದ್ದರು. ಮುಂದೆ ಅದರ ಎರಡೂ ತುದಿಯಲ್ಲಿ ಮೂಳೆಯ ತುಂಡನ್ನು ಉಳಿಸಿಕೊಂಡು ತೆಗೆಯುವುದು ರೂಢಿಗೆ ಬಂತು: ಸುರಂಗದಲ್ಲಿ ಮೂಳೆ ಮೂಳೆಯೊಡನೆ ಬೇಗ ಬೆಸೆಯುತ್ತದೆ. ಮೊಣಕಾಲೂರಿ ಕೂರುವಾಗ ಮುಂಭಾಗ ನೋಯುವುದು ಇದರ ಕೊರತೆ. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ರಜ್ಜುಗಳನ್ನು ನಾಲ್ಕು ಎಳೆಯಾಗಿ ಮಡಚಿ ಬಳಸುವುದು ಜನಪ್ರಿಯವಾಗಲು ಅದೂ ಒಂದು ಕಾರಣ.

1980ರಲ್ಲಿ ಇಂಗ್ಲೆಂಡಿನ ಡೇವಿಡ್ ಡ್ಯಾಂಡಿ ಆರ್ತ್ರೋಸ್ಕೋಪ್ (ಕೀಲಿನ ಒಳಗನ್ನು ನೋಡುವ ಕೊಳವೆ) ನೆರವಿನಿಂದ ಮೊದಲ ಮರುರಚನೆ ಮಾಡಿದರು. ವಿಧಾನ ಉಳಿಯಿತು, ಅವರು ಬಳಸಿದ ಕಾರ್ಬನ್ ಎಳೆ ಉಳಿಯಲಿಲ್ಲ. ಆ ದಶಕದ ಗೋರ್‌ಟೆಕ್ಸ್, ಡೇಕ್ರಾನ್ ಕೃತಕ ರಜ್ಜುಗಳದ್ದೂ ಅದೇ ಗತಿ: ಅವು ಸವೆದು ತುಂಡಾದವು, ಉದುರಿದ ಕಣಗಳಿಂದ ಕೀಲು ಬಾತುಕೊಂಡಿತು.

ಆ ಬಳಿಕ ಚರ್ಚೆ ಸುರಂಗದ ಜಾಗದತ್ತ ಹೊರಳಿತು. ಕಣಕಾಲಿನ ಮೂಳೆಯ ಸುರಂಗದೊಳಗಿಂದಲೇ ತೊಡೆಮೂಳೆಯನ್ನೂ ಕೊರೆಯುವುದು ಸಲೀಸು. ಆದರೆ ಕಸಿ ತೀರಾ ನೆಟ್ಟಗೆ ನಿಂತು, ಮಂಡಿಯ ತಿರುಚಾಟವನ್ನು ತಡೆಯಲಾಗದೆ ಹೋಗುತ್ತಿತ್ತು. ಎಸಿಎಲ್‌ನ ಎರಡು ಕಟ್ಟುಗಳನ್ನೂ ಬೇರೆಬೇರೆಯಾಗಿ ರಚಿಸುವ ಪದ್ಧತಿಯನ್ನು ಜಪಾನಿನ ಕಝುನೋರಿ ಯಸುಡಾ, ಪಿಟ್ಸ್‌ಬರ್ಗ್‌ನ ಫ್ರೆಡ್ಡಿ ಫೂ ಬೆಳೆಸಿದರು. ಅದು ಎಲ್ಲೆಡೆ ನೆಲೆಯೂರದಿದ್ದರೂ, ಕಸಿಯನ್ನು ರಜ್ಜುವಿನ ಸಹಜ ನೆಲೆಯಲ್ಲೇ ಕೂರಿಸಬೇಕೆಂಬ ನಿಲುವು ಗಟ್ಟಿಯಾಯಿತು.

ಹೊಲಿಗೆಯೂ ಹೊಸ ರೂಪದಲ್ಲಿ ಮರಳಿದೆ. ಬಾಸ್ಟನ್‌ನ ಮಾರ್ಥಾ ಮರ್ರೆ ರೂಪಿಸಿದ, ರೋಗಿಯ ರಕ್ತ ಹೀರಿದ ಕೊಲಾಜೆನ್ ಸ್ಪಂಜನ್ನು ಹರಿದ ತುದಿಗಳ ನಡುವೆ ಇಡುವ ವಿಧಾನಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ 2020ರಲ್ಲಿ ಅನುಮತಿ ನೀಡಿತು.