ರಷ್ಯದ ನಾದಕ್ಕೆ ಮೈಸೂರಿನ ಆಸರೆ

1610ರಲ್ಲಿ ಶ್ರೀರಂಗಪಟ್ಟಣವನ್ನು ರಾಜಧಾನಿ ಮಾಡಿಕೊಂಡ ಒಡೆಯರ ಮನೆತನದ ಕಥೆ ಆ ಊರಿನವರಿಗೂ, ನೆರೆಯ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ವಾಚಕರಿಗೂ ಮನೆಮಾತು. ಆ ಅರಮನೆ ಪೋಷಿಸಿದ ವೀಣೆ ಶೇಷಣ್ಣ, ವಾಸುದೇವಾಚಾರ್ಯರನ್ನೂ ನೀವು ಬಲ್ಲಿರಿ. ಆದರೆ ಅದೇ ಆಶ್ರಯ ಲಂಡನ್ನಿನಲ್ಲಿದ್ದ ಒಬ್ಬ ರಷ್ಯನ್ ಸಂಗೀತಗಾರರಿಗೂ ದೊರೆತದ್ದುಂಟು.

ಅವರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಪಿಯಾನೋ ವಾದಕರಾಗಿಯೂ ರಚನಕಾರರಾಗಿಯೂ ಬೆಳೆದವರು. ಕ್ರಾಂತಿಯ ನಂತರ, 1921ರಲ್ಲಿ, ತಾಯ್ನಾಡನ್ನು ಬಿಟ್ಟರು. ಪ್ರಸಿದ್ಧ ರಾಖ್ಮಾನಿನೊವ್ ಅವರೇ ಮೆಟ್ನರರ ಕೃತಿಗಳನ್ನು ಮೆಚ್ಚಿದ್ದರು. ಆದರೆ ಕಾಲದ ರುಚಿ ಬೇರೆಯಾಗಿತ್ತು. ಲಂಡನ್ನಿನಲ್ಲಿ ನೆಲೆಸಿದ ಮೇಲೆ ಮಹಾಯುದ್ಧ ಬಂದಿತು. ವರಮಾನ ಕುಗ್ಗಿತು, ಹೃದ್ರೋಗವೂ ಅಂಟಿತು.

ಇತ್ತ ಮೈಸೂರಿನಲ್ಲಿ, 1919ರಲ್ಲಿ ಜನಿಸಿದ ಶ್ರೀ ಜಯಚಾಮರಾಜೇಂದ್ರ ಒಡೆಯರಿಗೆ ಪಿಯಾನೋ ವಾದಕರಾಗಿ ಕಚೇರಿ ನೀಡುವ ಹಂಬಲವಿತ್ತು. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. ಪಟ್ಟ ಬಂದಿತು, ಹಂಬಲ ಹಿಂದುಳಿಯಿತು. ತಾವು ನುಡಿಸಲಾಗದೆ ಹೋದರೂ, ನುಡಿಸಬಲ್ಲವರ ನಾದ ಉಳಿಯಲಿ ಎಂದು ಅವರು ಮನಸ್ಸು ಮಾಡಿದರು.

ಆಗಿನ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆಯ ಕೃತಿಗೆ ಹಲವು ತಟ್ಟೆಗಳು ಬೇಕು, ಜೊತೆಗೆ ದೊಡ್ಡ ವಾದ್ಯವೃಂದವೂ ಬೇಕು. ಮಾರಾಟದ ಭರವಸೆಯಿಲ್ಲದ ಕೃತಿಗೆ ಯಾವ ಕಂಪೆನಿ ಹಣ ಹೂಡೀತು? ಮಹಾರಾಜರು ಆ ಭಾರ ಹೊತ್ತು ‘ಮೆಟ್ನರ್ ಸೊಸೈಟಿ’ಯನ್ನು ಹುಟ್ಟುಹಾಕಿದರು. ಮುದ್ರಣವನ್ನು ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿ ನಡೆಸಿತು. 1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೋ ಕಾನ್ಚರ್ಟೊಗಳನ್ನು ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ತಾವೇ ನುಡಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು.

ದೂರದೇಶದ ಸಂಗೀತಕ್ಕೆ ನಮ್ಮ ಅರಮನೆಯ ಹಣವೇಕೆಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ನಾಲ್ಕೇ ವರ್ಷಗಳಲ್ಲಿ, 1951ರ ನವೆಂಬರಿನಲ್ಲಿ, ಮೆಟ್ನರ್ ತೀರಿಕೊಂಡರು. ಅಷ್ಟರೊಳಗೆ ಮುದ್ರಣವಾಗದಿದ್ದರೆ ಕಾಗದದ ಮೇಲಿನ ಸ್ವರಲಿಪಿ ಉಳಿಯುತ್ತಿತ್ತು. ಮುಪ್ಪಿನಲ್ಲೂ ಮಾಸದ ಆ ಕೈಯ ಸೊಗಸು ಉಳಿಯುತ್ತಿರಲಿಲ್ಲ. ನಮ್ಮ ಊರುಗಳಲ್ಲೇ ಎಷ್ಟು ವಿದ್ವಾಂಸರು ಒಂದು ತಟ್ಟೆಯನ್ನೂ ಬಿಡದೆ ಮರೆಯಾದರೆಂಬುದನ್ನು ನೆನೆದರೆ ಈ ವೆಚ್ಚದ ಬೆಲೆ ತಿಳಿದೀತು.

ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಈ ದೊರೆಯೇ ಮುಂದೆ ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ‘ಶ್ರೀ ಮಹಾಗಣಪತಿಂ ಭಜೇಹಂ’ ಕಚೇರಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅವರು 1974ರಲ್ಲಿ ಕಾಲವಾದರು. ಮೆಟ್ನರರ ಆ ಮುದ್ರಿಕೆಗಳು ಸಿ.ಡಿ.ಗಳಾಗಿ ಮರಳಿ ಬಂದಿವೆ. ದೊರೆತಾಗ ಒಮ್ಮೆ ಕೇಳಿ ನೋಡಿ.