ಆಫಾಕಿ, ದಖನಿ, ಎಫ್-1: ಪರದೇಶದಲ್ಲಿ ನೀವು ಯಾವ ಖಾನೆಯವರು?

ಇವತ್ತಿನ ಎಪಿಸೋಡ್ ನಮ್ಮ ಮನೆಯಿಂದಲೇ ಶುರು.

ತಾಳಿಕೋಟೆಯಲ್ಲಿರೋ ನಮ್ಮ ಮಾಮಾನ ಮಗನಿಗೆ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಎಜುಕೇಶನ್ ಲೋನಿಗೆ ಹೊಲ ಅಡ ಇಡೋಕೂ ಮಾಮಾ ತಯಾರು. "ವೀಸಾ ಒಂದ್ ಬಂತಂದ್ರ ಮುಗೀತಪಾ, ಹುಡುಗ ಅಲ್ಲೇ ಸೆಟಲ್" ಅಂತಾರೆ. ನಾನು ಬಿ.ಕಾಂ. ಓದಿದವನು, ಸಾಲ ಅಂದ್ರೆ ಮೊದಲು ಕಂಡೀಷನ್ ಓದ್ತೀನಿ. ವೀಸಾದ ಕಂಡೀಷನ್ನೂ ಓದಿದೆ. ಅದು ಮಾಮಾ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಇತ್ತು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಒಂದು ಕಥೆ.

ನಮ್ಮೂರ ಹೆಸರು ನಿಮಗೆ ಗೊತ್ತಿರೋದು 1565ರ ಯುದ್ಧದಿಂದ. ಸುಲ್ತಾನರ ಸೈನ್ಯ ಕೂಡಿದ್ದು ತಾಳಿಕೋಟೆಯಲ್ಲಿ, ಕಾದಾಟ ನಡೆದದ್ದು ದಕ್ಷಿಣಕ್ಕೆ ಕೃಷ್ಣಾ ನದಿ ಕಡೆ. ಶಾಲೆಯಲ್ಲಿ ಇದನ್ನು ಎರಡು ಧರ್ಮಗಳ ಜಗಳ ಅಂತ ಓದಿಬಿಟ್ಟೆವು. ಆದರೆ ಆ ಕಾಲದ ದಖನ್ನಿನಲ್ಲಿ ಇನ್ನೊಂದು ಗೆರೆ ಇತ್ತು. ಒಂದು ಕಡೆ ಆಫಾಕಿಗಳು, ಇನ್ನೊಂದು ಕಡೆ ದಖನಿಗಳು.

ಆಫಾಕ್ ಅಂದ್ರೆ ಅರಬ್ಬಿಯಲ್ಲಿ ದಿಗಂತಗಳು. ಇರಾನ್, ಅರೇಬಿಯಾ, ಮಧ್ಯ ಏಷ್ಯಾದಿಂದ ಕೆಲಸ ಹುಡುಕಿಕೊಂಡು ಬಂದವರು ಆಫಾಕಿಗಳು, ಅಂದ್ರೆ ಪರದೇಶಿಗಳು. ತಲೆಮಾರುಗಳ ಹಿಂದೆ ಉತ್ತರದಿಂದ ಬಂದು ಇಲ್ಲೇ ಬೇರು ಬಿಟ್ಟವರ ಮಕ್ಕಳು, ಜೊತೆಗೆ ಸ್ಥಳೀಯರು ದಖನಿಗಳು. ಆಫ್ರಿಕಾದಿಂದ ಬಂದ ಹಬಶಿಗಳು ಸಾಮಾನ್ಯವಾಗಿ ದಖನಿಗಳ ಪಕ್ಷ. ನೌಕರಿ, ಜಹಗೀರು, ದರಬಾರಿನಲ್ಲಿ ಜಾಗ, ಎಲ್ಲದರಲ್ಲೂ ನೀನು ಯಾವ ಖಾನೆಯವನು ಅನ್ನೋದು ಮುಖ್ಯ.

ಮಹಮೂದ್ ಗವಾನ್‌ನನ್ನೇ ನೋಡ್ರಿ. ಇರಾನಿನ ಗಿಲಾನ್‌ನವನು. 1453ರಲ್ಲಿ ಬೀದರಿಗೆ ವ್ಯಾಪಾರಿಯಾಗಿ ಬಂದ, ಪ್ರಧಾನಿಯಾದ. ಇವತ್ತಿಗೂ ಬೀದರಿನಲ್ಲಿ ನಿಂತಿರೋ ಮದರಸಾವನ್ನು 1472ರಲ್ಲಿ ಕಟ್ಟಿಸಿದ. ಎರಡೂ ಬಣಗಳಿಗೆ ಹುದ್ದೆ ಹಂಚಿ ಸಮತೂಕ ಮಾಡೋಕೆ ನೋಡಿದ. ಆದರೂ 1481ರಲ್ಲಿ ವಿರೋಧಿಗಳು ಅವನ ಹೆಸರಲ್ಲಿ ಒಂದು ನಕಲಿ ಪತ್ರ ಸೃಷ್ಟಿಸಿದರು. ಸುಲ್ತಾನ ನಂಬಿದ, ತಲೆ ತೆಗೆಸಿದ. ಈ ಮಣ್ಣಲ್ಲಿ 28 ವರ್ಷ ದುಡಿದವನು ಕೊನೆಗೂ ಪರದೇಶಿಯೇ.

ಈಗ ವಿಜಾಪುರಕ್ಕೆ ಬನ್ನಿ. ಆದಿಲ್‌ಶಾಹಿಯ ಮೊದಲ ದೊರೆಗಳು ಆಫಾಕಿಗಳಿಗೆ ಒಲಿದವರು. 1534ರಲ್ಲಿ ಒಂದನೇ ಇಬ್ರಾಹಿಂ ಪಟ್ಟಕ್ಕೆ ಬಂದದ್ದೇ ನಿಯಮ ತಿರುಗಿತು. ಸುಮಾರು 400 ಜನರನ್ನು ಬಿಟ್ಟು ಉಳಿದ ಪರದೇಶಿಗಳನ್ನೆಲ್ಲ ನೌಕರಿಯಿಂದ ತೆಗೆದ ಅಂತ ಇತಿಹಾಸಕಾರ ಫರಿಶ್ತಾ ಬರೀತಾನೆ. ಅವರು ಎಲ್ಲಿ ಹೋದರು? ಸುಮಾರು 3,000 ಮಂದಿಗೆ ಕೆಲಸ ಕೊಟ್ಟವನು ವಿಜಯನಗರದ ರಾಮರಾಯ! ಅದೇ ರಾಮರಾಯ 1565ರಲ್ಲಿ ನಮ್ಮೂರ ಹೆಸರಿನ ಯುದ್ಧದಲ್ಲಿ ಸತ್ತ. ಅಷ್ಟರಲ್ಲಿ ವಿಜಾಪುರದಲ್ಲಿ ಮೊದಲನೇ ಅಲಿ ಬಂದಿದ್ದ, ಆಫಾಕಿಗಳಿಗೆ ಮತ್ತೆ ಬಾಗಿಲು ತೆಗೆದಿದ್ದ. ಮೂವತ್ತು ವರ್ಷದೊಳಗೆ ಎರಡು ಸಲ ನಿಯಮ ಬದಲು. ಬದಲಾದದ್ದು ದೊರೆ, ಆ ಜನ ಅಲ್ಲ.

ಇದಕ್ಕೂ ಸ್ಟೂಡೆಂಟ್ ವೀಸಾಕ್ಕೂ ಏನು ಸಂಬಂಧ? ಖಾನೆ ಇವತ್ತೂ ಇದೆ.

ಅಮೆರಿಕದ ಎಫ್-1 ವೀಸಾ 1952ರ ಕಾನೂನಿನಿಂದ ಬಂದದ್ದು. ಊರಲ್ಲಿ ಮನೆ ಇದೆ, ಅದನ್ನು ಬಿಡೋ ಉದ್ದೇಶ ಇಲ್ಲ ಅನ್ನೋವನಿಗೆ ಮಾತ್ರ ಅದು. ಇಂಟರ್‌ವ್ಯೂನಲ್ಲಿ ಅಧಿಕಾರಿ ಮೊದಲೇ ನಿಮ್ಮನ್ನು "ಇವನು ಇಲ್ಲೇ ಉಳಿಯೋಕೆ ಬಂದವನು" ಅಂತ ಭಾವಿಸ್ತಾನೆ, ಅಲ್ಲ ಅಂತ ತೋರಿಸೋದು ನಿಮ್ಮ ಕೆಲಸ. ವೀಸಾ ಅಂದ್ರೆ ಬಾಗಿಲು ತಟ್ಟೋ ಚೀಟಿ. ಒಳಗೆ ಹೋದ ಮೇಲೆ ಇರೋ ಹಕ್ಕಿಗೆ ಸ್ಟೇಟಸ್ ಅಂತಾರೆ, ಕ್ಲಾಸ್ ಬಿಟ್ಟರೆ ಅದೂ ಹೋಗುತ್ತೆ.

ಓದು ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸಕ್ಕೆ ಅವಕಾಶ, ವಿಜ್ಞಾನ-ತಂತ್ರಜ್ಞಾನದ ಡಿಗ್ರಿ ಆದರೆ ಇನ್ನೂ 24 ತಿಂಗಳು. ಆದರೆ ಇದು ಸರ್ಕಾರಿ ನಿಯಮದಲ್ಲಿರೋದು, ಸಂಸತ್ತಿನ ಕಾನೂನಲ್ಲಿ ಬರೆದದ್ದಲ್ಲ. ಆಮೇಲಿನ ಎಚ್-1ಬಿ ಬೇರೆಯೇ ಖಾನೆ, ವರ್ಷಕ್ಕೆ 85,000ದ ಮಿತಿ. ಗ್ರೀನ್ ಕಾರ್ಡ್ ಇನ್ನೊಂದು, ಅಲ್ಲಿ ಭಾರತೀಯರ ಸಾಲು ಬಹಳ ಉದ್ದ. ಜರ್ಮನಿಗೆ ಹೋಗೋರು ನೆನಪಿಡ್ರಿ, ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿ ಬೇರೆಯಾಗಿ ತಗೋಬೇಕು. ಡಿಗ್ರಿ ಆದಮೇಲೆ ಕೆಲಸ ಹುಡುಕೋಕೆ 18 ತಿಂಗಳವರೆಗೆ ಅವಕಾಶ ಉಂಟು.

ಅಂದ್ರೆ ವಿದ್ಯಾರ್ಥಿ, ಕೆಲಸಗಾರ, ಕಾಯಂ ನಿವಾಸಿ, ನಾಗರಿಕ: ನಾಲ್ಕು ಖಾನೆ. ಒಂದರಿಂದ ಇನ್ನೊಂದಕ್ಕೆ ದಾರಿ ಇರಬಹುದು, ಆದರೆ ತಾನಾಗೇ ಯಾರೂ ಸಾಗಲ್ಲ.

ಇಬ್ರಾಹಿಂ ಕೆಲಸದಿಂದ ತೆಗೆದ ಸೈನಿಕನಿಗೆ ಓದೋಕೆ ಯಾವ ಕಂಡೀಷನ್ನೂ ಇರಲಿಲ್ಲ. ನಮಗೆ ಇದೆ, ಸರ್ಕಾರಿ ವೆಬ್‌ಸೈಟಿನಲ್ಲಿ ಫ್ರೀಯಾಗಿ. ಏಜೆಂಟ್ ಬಾಯಿಂದ ಕೇಳೋ ಮೊದಲು ಅದನ್ನು ಓದ್ರಿ.

ಕಳೆದ ಭಾನುವಾರ ಮಾಮಾನ ಜೊತೆ ಕೂತು ಒಂದು ಲೆಕ್ಕ ಹಾಕಿದೆ. ಹುಡುಗ ಓದು ಮುಗಿಸಿ ವಾಪಸ್ ಬಂದು, ಬೆಂಗಳೂರಿನ ಸಂಬಳದಲ್ಲಿ ಸಾಲ ತೀರಿಸಬೇಕಾದರೆ ಎಷ್ಟು ವರ್ಷ? ಉತ್ತರ ನೋಡಿ ಮಾಮಾ ಸುಮ್ಮನಾದರು. ಆಮೇಲೆ ಅಂದ್ರು, "ಹಂಗಾರ ಹೊಲ ಪೂರಾ ಇಡೋದು ಬ್ಯಾಡ. ಕಡಿಮಿ ಫೀಸಿನ ಕಾಲೇಜ್ ನೋಡೂಣು."

ಹುಡುಗ ಹೋಗ್ತಾನೆ. ನಾನೂ ಹೋಗು ಅಂತಲೇ ಅಂದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಈ ಎಪಿಸೋಡ್ ಅವರಿಗೆ ಕಳಿಸ್ರಿ, ಹೊಲ ಅಡ ಇಡೋರಿಗಂತೂ ತಪ್ಪದೆ. ಮತ್ತೆ ಸಿಗೋಣ.